ಮನೆಯೊಳಗಿನ ದೂರವಾಣಿ ತಂತಿಯೂ ಬ್ರಾಡ್‌ಬ್ಯಾಂಡಿನ ಗತಿಯೂ

ದೂರವಾಣಿಯ ತಂತಿಯು ಮನೆಯ ಹೊಸ್ತಿಲನ್ನು ದಾಟಿದ ಬಳಿಕ ಅದರ ಗತಿಯೇನಾಗುವುದೆಂಬುದನ್ನು ಸಾಮಾನ್ಯವಾಗಿ ಯಾರೂ ವಿಚಾರಿಸುವುದಿಲ್ಲ. ಕಂಬದಿಂದ ಕಂಬಕ್ಕೆ ಬರುವ ತಂತಿಯಲ್ಲಿ ದೋಷವುಂಟೆಂದು ದೂರುವವರು ಅನೇಕರು. ತಮ್ಮ ಗೋಡೆಯ ಮೇಲಿನ ತಂತಿಯನ್ನು ಶಂಕಿಸುವವರು ವಿರಳ. ಕೆ. ಹೊಸಕೋಟೆಯ ಸೀಮೆಯಲ್ಲಿ, ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ಈ ವಿಷಯವು ನನ್ನ ಗಮನಕ್ಕೆ ಬಂದಿತು. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ತಿಳಿದವರನ್ನು ಕೇಳಿಯೂ ಗ್ರಂಥಗಳನ್ನು ನೋಡಿಯೂ ನಿಶ್ಚಯಿಸಿಕೊಂಡುದನ್ನು ವಾಚಕರ ಮುಂದಿಡುತ್ತೇನೆ.

೧. ಪ್ರಸಂಗ

ಆಲೂರು ತಾಲ್ಲೂಕಿನ ಕೆ. ಹೊಸಕೋಟೆ, ಎಂದರೆ ಕೆಂಚಮ್ಮನ ಹೊಸಕೋಟೆ, ಮಲೆನಾಡಿನ ಸೆರಗಿನಲ್ಲಿರುವ ಊರು. ಇಲ್ಲಿ ಅನೇಕ ಮನೆಗಳು ಕಾಫಿ ತೋಟಗಳ ನಡುವೆ ಒಂದಕ್ಕೊಂದು ದೂರವಾಗಿವೆ. ದೂರವಾಣಿಯು ಬಂದ ಕಾಲದಲ್ಲಿ ನಮ್ಮ ಹಿರಿಯರು ಒಂದೇ ಸಂಪರ್ಕದಿಂದ ಪಡಸಾಲೆಗೊಂದು, ಮಹಡಿಗೊಂದು, ಕಾಫಿ ಒಣಗಿಸುವ ಕಣದ ಕೊಠಡಿಗೊಂದು ಕವಲುತಂತಿಯನ್ನು ಎಳೆಸಿದರು. ಮಾತಿಗೆ ಇದರಿಂದ ಯಾವ ಬಾಧೆಯೂ ಇರಲಿಲ್ಲ. ಕಣದ ದೂರವಾಣಿಯನ್ನು ಮುಂದೆ ತೆಗೆದುಬಿಟ್ಟರು. ತಂತಿಯು ಮಾತ್ರ ಹಾಗೆಯೇ ಉಳಿಯಿತು.

ಭಾರತ ಸಂಚಾರ ನಿಗಮವು ೨೦೦೫ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದ ಮೇಲೆ, ಹಳೆಯ ತಾಮ್ರದ ತಂತಿಯೇ ಮಾತನ್ನೂ ಇಂಟರ್‌ನೆಟ್ಟನ್ನೂ ಒಟ್ಟಿಗೆ ಹೊರುವಂತಾಯಿತು. ಕೆಲವು ವರ್ಷಗಳ ಬಳಿಕ ನಮ್ಮ ಮನೆಗೂ ಅದು ಬಂದಿತು. ಒಂದು ಮಳೆಗಾಲದಲ್ಲಿ ನನ್ನ ತಮ್ಮನ ಮಗಳು ಕಾಲೇಜಿನ ಪ್ರವೇಶಕ್ಕಾಗಿ ತನ್ನ ಆಯ್ಕೆಗಳನ್ನು ಕಡೆಯ ದಿನದೊಳಗೆ ಇಂಟರ್‌ನೆಟ್ಟಿನ ಮೂಲಕ ಸಲ್ಲಿಸಬೇಕಾಗಿದ್ದಿತು. ಆಕೆ ಕುಳಿತಾಗಲೆಲ್ಲ ದೂರವಾಣಿಯ ಗಂಟೆ ಬಾರಿಸುವುದು. ಗಂಟೆ ಬಾರಿಸಿದೊಡನೆ ಸಂಪರ್ಕ ಕಡಿಯುವುದು. ಕರೆಯುತ್ತಿದ್ದವರು ಬೇರೆ ಯಾರೂ ಅಲ್ಲ, “ಮಗುವಿನ ಅರ್ಜಿ ಮುಗಿಯಿತೆ?” ಎಂದು ಕೇಳುವ ನಮ್ಮ ಬಂಧುಗಳೇ! ಕಡೆಗೆ ಆಕೆ ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿ ಆಲೂರಿಗೆ ಹೋಗಿ, ಅಂಗಡಿಯೊಂದರಲ್ಲಿ ಕೆಲಸವನ್ನು ಮುಗಿಸಬೇಕಾಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಒಂದು ವರ್ಷವೇ ವ್ಯರ್ಥವಾಗುತ್ತಿದ್ದಿತು. ನಾವೆಲ್ಲರೂ ಹೊರಗಿನ ತಂತಿಯನ್ನು ದೂಷಿಸಿದೆವು. ದೋಷವಿದ್ದುದು ನಮ್ಮ ಮನೆಯಲ್ಲಿ.

೨. ಒಂದು ತಂತಿಯಲ್ಲಿ ಎರಡು ವ್ಯವಹಾರ

ಶಬ್ದವು ವೀಚೀತರಂಗನ್ಯಾಯದಿಂದ, ಎಂದರೆ ಅಲೆಯು ಅಲೆಯನ್ನು ಹುಟ್ಟಿಸುವಂತೆ, ಹರಡುವುದೆಂದು ನೈಯಾಯಿಕರು ಹೇಳುವರು. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೂ ಅಲೆಯ ಕಲ್ಪನೆಯೇ ಉಪಯುಕ್ತವಾದುದು. ಮಾತನ್ನು ಒಯ್ಯಲು ಸೆಕೆಂಡಿಗೆ ೩೦೦ರಿಂದ ೩,೪೦೦ರವರೆಗಿನ ಕಂಪನಗಳು ಸಾಕು. ಎ. ಡಿ. ಎಸ್. ಎಲ್. ಎಂಬ ಪದ್ಧತಿಯು ಇದರ ಮೇಲಣ ಪ್ರದೇಶವನ್ನು ಉಪಯೋಗಿಸುವುದು. ಸುಮಾರು ೨೬,೦೦೦ದಿಂದ ೧,೩೮,೦೦೦ ಕಂಪನಗಳವರೆಗೆ ಮನೆಯಿಂದ ಹೊರಗೆ ಹೋಗುವ ಸಂಕೇತ; ಅಲ್ಲಿಂದ ೧೧,೦೪,೦೦೦ದವರೆಗೆ ಒಳಗೆ ಬರುವ ಸಂಕೇತ. ಅನಂತರದ ಎ. ಡಿ. ಎಸ್. ಎಲ್. ೨ ಪ್ಲಸ್ ಪದ್ಧತಿಯಲ್ಲಿ ಈ ಮೇರೆಯು ೨೨,೦೮,೦೦೦ಕ್ಕೆ ಏರಿತು.

ಈ ಪ್ರದೇಶವನ್ನು ನೂರಾರು ಕಿರುಗಾಲುವೆಗಳಾಗಿ ವಿಭಾಗಿಸಲಾಗಿದೆ. ಮೋಡೆಮ್ ಎಂಬ ಉಪಕರಣವು ಪ್ರತಿಯೊಂದು ಕಾಲುವೆಯನ್ನೂ ಮೊದಲು ಪರೀಕ್ಷಿಸಿ, ಗದ್ದಲ ಕಡಿಮೆಯಿರುವಲ್ಲಿ ಹೆಚ್ಚು ಹೊರೆಯನ್ನೂ ಗದ್ದಲವಿರುವಲ್ಲಿ ಕಡಿಮೆ ಹೊರೆಯನ್ನೂ ಹಾಕುವುದು. ಆದುದರಿಂದ ತಂತಿಯು ಕೆಟ್ಟರೆ ಸಂಪರ್ಕವು ಒಮ್ಮೆಲೇ ನಿಲ್ಲದೆ ಗತಿಯು ಕುಂದುವುದೇ ಹೆಚ್ಚು. ಮಾತು ಸ್ಪಷ್ಟವಾಗಿ ಕೇಳಿಸುವುದರಿಂದ ತಂತಿಯು ನಿರ್ದೋಷವೆಂದು ಹೇಳಲಾಗದು.

೩. ದೋಷಗಳು ಮೂರು

ಮೊದಲನೆಯದು, ಶೋಧಕವಿಲ್ಲದ ದೂರವಾಣಿ. ಮೋಡೆಮಿನೊಡನೆ ಕೊಡುವ ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆಯಲ್ಲಿ ತಂತಿಯ ಸುರುಳಿಗಳೂ ಕೆಪಾಸಿಟರುಗಳೂ ಇರುತ್ತವೆ. ನಿಧಾನವಾದ ಕಂಪನಗಳನ್ನು ಮಾತ್ರ ದೂರವಾಣಿಯ ಕಡೆಗೆ ಬಿಟ್ಟು, ವೇಗವಾದವನ್ನು ತಡೆಯುವುದು ಇವುಗಳ ಕೆಲಸ. ನಮ್ಮ ಪಡಸಾಲೆಯಲ್ಲಿ ಸ್ಪ್ಲಿಟರ್ ಇದ್ದಿತು. ಮಹಡಿಯ ದೂರವಾಣಿಯಾದರೋ ಅದಕ್ಕೂ ಹಿಂದೆಯೇ ಕವಲೊಡೆದ ತಂತಿಗೆ ನೇರವಾಗಿ ಸೇರಿದ್ದಿತು. ಗಂಟೆ ಬಾರಿಸಿದಾಗಲೂ ರಿಸೀವರನ್ನು ಎತ್ತಿದಾಗಲೂ ಅದು ಮೋಡೆಮಿನ ಸಂಕೇತವನ್ನು ಕಲಕುತ್ತಿದ್ದಿತು.

ಎರಡನೆಯದು, ಮುಂದೆ ಏನೂ ಇಲ್ಲದ ಕವಲುತಂತಿ. ಇದರ ಪರಿಣಾಮವು ಸೂಕ್ಷ್ಮವಾದುದು. ಬಂದ ಅಲೆಯಲ್ಲಿ ಒಂದಂಶವು ಕವಲನ್ನು ಹೊಕ್ಕು, ತೆರೆದ ಕೊನೆಯನ್ನು ಮುಟ್ಟಿ, ಹಿಂದಿರುಗುವುದು. ತಾಮ್ರದ ಜೋಡಿತಂತಿಯಲ್ಲಿ ಅಲೆಯ ವೇಗವು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ಕವಲು ೫೦ ಮೀಟರಿದ್ದರೆ, ಹೋಗಿಬರುವ ೧೦೦ ಮೀಟರಿಗೆ ಸೆಕೆಂಡಿನ ೨೦ ಲಕ್ಷದಲ್ಲೊಂದು ಭಾಗ ಬೇಕು. ಸೆಕೆಂಡಿಗೆ ೧೦ ಲಕ್ಷ ಕಂಪನಗಳುಳ್ಳ ಅಲೆಗೆ ಇದು ಸರಿಯಾಗಿ ಅರ್ಧ ಕಂಪನದ ಕಾಲ. ಹೀಗಾಗಿ ಮೂಲದ ಅಲೆಯು ಉಬ್ಬಿರುವಾಗ ಹಿಂದಿರುಗಿದ ಅಲೆಯು ತಗ್ಗಿರುವುದು; ಎರಡೂ ಪರಸ್ಪರ ಬಹುಮಟ್ಟಿಗೆ ಅಳಿಸಿಕೊಳ್ಳುವುವು. ಆ ಕಂಪನವೂ ಅದರ ಸುತ್ತಲಿನವೂ ಒಳಗೆ ಬರುವ ಸಂಕೇತದ ಪ್ರದೇಶದಲ್ಲಿಯೇ ಇರುವುದರಿಂದ ಅಷ್ಟು ಕಾಲುವೆಗಳು ದುರ್ಬಲವಾಗುವುವು. ಕವಲು ೧೦೦ ಮೀಟರಾದರೆ ೫ ಲಕ್ಷ ಕಂಪನಗಳಲ್ಲಿಯೂ, ಮತ್ತೆ ೧೫ ಲಕ್ಷದಲ್ಲಿಯೂ ಇದೇ ಹಾನಿ. ಮಾತಿನ ನಿಧಾನವಾದ ಕಂಪನಗಳಿಗೆ ಈ ವಿಳಂಬವು ಗಣನೆಗೇ ಬಾರದು.

ಮೂರನೆಯದು, ಹೆಣೆಯದ ತಂತಿ ಮತ್ತು ಸಡಿಲವಾದ ಬೆಸುಗೆ. ಜೋಡಿತಂತಿಗಳನ್ನು ಒಂದಕ್ಕೊಂದು ತಿರುಚುವುದರಿಂದ ಹೊರಗಿನ ಗದ್ದಲವು ಎರಡರಲ್ಲಿಯೂ ಸಮವಾಗಿ ಹುಟ್ಟಿ, ಅವುಗಳ ಅಂತರವನ್ನು ಮಾತ್ರ ಗ್ರಹಿಸುವ ಯಂತ್ರಕ್ಕೆ ಕೇಳಿಸದೆ ಹೋಗುವುದು. ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ೧೮೮೧ರಲ್ಲಿಯೇ ಪೇಟೆಂಟನ್ನು ಪಡೆದರು. ನಮ್ಮ ಅಟ್ಟದಲ್ಲಿದ್ದುದು ಚಪ್ಪಟೆಯಾದ, ತಿರುಚದ ತಂತಿ. ಅದೂ ದೀಪದ ತಂತಿಯ ಮಗ್ಗುಲಲ್ಲಿ. ಮಳೆಯ ತೇವದಿಂದ ಅದರ ಬೆಸುಗೆಯು ಹಸಿರುಗಟ್ಟಿದ್ದಿತು. ಮಧ್ಯಮ ತರಂಗದ ರೇಡಿಯೋ ಕೂಡ ಇದೇ ಕಂಪನಪ್ರದೇಶದಲ್ಲಿ ಪ್ರಸಾರವಾಗುವುದೆಂಬುದನ್ನು ನೆನೆದರೆ, ಹೆಣೆಯದ ತಂತಿಯು ಎಷ್ಟು ಬಗೆಯ ಗದ್ದಲವನ್ನು ಹಿಡಿಯಬಲ್ಲುದೆಂಬುದು ತಿಳಿಯುವುದು.

ಇಂಗ್ಲೆಂಡಿನ ಮನೆಗಳಲ್ಲಿ ಇದಕ್ಕೆ ಸದೃಶವಾದ ತೊಂದರೆಯೊಂದು ಕಂಡುಬಂದಿತು. ಅಲ್ಲಿ ಗಂಟೆಗಾಗಿಯೇ ಮೂರನೆಯ ತಂತಿಯೊಂದನ್ನು ಎಲ್ಲ ಕೊಠಡಿಗಳಿಗೂ ಎಳೆಯುವ ರೂಢಿಯಿದ್ದಿತು. ಅದು ಜೋಡಿಯ ಸಮತೆಯನ್ನು ಕೆಡಿಸಿ ಗದ್ದಲವನ್ನು ಒಳಗೆ ತರುತ್ತಿದ್ದುದರಿಂದ, ಅದನ್ನು ಬಿಚ್ಚಿದ ಮಾತ್ರಕ್ಕೆ ಅನೇಕ ಮನೆಗಳಲ್ಲಿ ಗತಿಯು ಹೆಚ್ಚಿತು.

೪. ಪರೀಕ್ಷೆಯ ಕ್ರಮ

ನಮ್ಮ ಮನೆಗೆ ಬಂದ ಲೈನ್‌ಮನ್ ಮೊದಲು ಒಳಗಿನ ತಂತಿಯೆಲ್ಲವನ್ನೂ ಬಿಚ್ಚಿ, ಹೊರತಂತಿಯು ಮನೆಯನ್ನು ಸೇರುವ ಡಬ್ಬಿಗೇ ಮೋಡೆಮನ್ನು ತಗುಲಿಸಿದನು. ಸಂಪರ್ಕವು ಸ್ಥಿರವಾಯಿತು, ಮತ್ತೆ ಒಳತಂತಿಯನ್ನು ಸೇರಿಸಲು ಕೆಟ್ಟಿತು. ಕಾರಣವಿದ್ದರೆ ಕಾರ್ಯವುಂಟೆಂಬುದು ಅನ್ವಯ. ಇಲ್ಲದಿದ್ದರೆ ಇಲ್ಲವೆಂಬುದು ವ್ಯತಿರೇಕ. ನಾವು ಪಾಠಶಾಲೆಯಲ್ಲಿ ಹೊಗೆ ಬೆಂಕಿಗಳನ್ನಿಟ್ಟುಕೊಂಡು ಉರುಹೊಡೆದುದನ್ನು ಆತನು ಕೈಯಲ್ಲಿ ಮಾಡಿ ತೋರಿಸಿದನು.

ಇಲ್ಲಿ ಎಚ್ಚರಿಕೆಯೊಂದು ಅವಶ್ಯ. ಕಾರಣಗಳು ಹಲವಾಗಿದ್ದರೆ, ಒಂದನ್ನು ತೆಗೆದ ಮೇಲೂ ಬಾಧೆಯು ಉಳಿಯಬಹುದು. ಅಷ್ಟರಿಂದ ಅದು ಕಾರಣವಲ್ಲವೆಂದು ನಿಶ್ಚಯಿಸತಕ್ಕುದಲ್ಲ. ಮಹಡಿಯ ದೂರವಾಣಿಗೆ ಶೋಧಕವನ್ನು ಹಾಕಲು ಕರೆ ಬಂದಾಗ ಕಡಿಯುವುದು ನಿಂತಿತು, ಗತಿಯು ಹೆಚ್ಚಲಿಲ್ಲ. ಕಣದ ತಂತಿಯನ್ನು ಕತ್ತರಿಸಲು ಗತಿಯು ಹೆಚ್ಚಿತು, ಮಳೆ ಬಂದಾಗಿನ ತೊಂದರೆ ಉಳಿಯಿತು. ಅಟ್ಟದ ತಂತಿಯನ್ನು ಬದಲಿಸಿದ ಮೇಲೆ ಅದೂ ಹೋಯಿತು. ಒಂದೊಂದು ಲಕ್ಷಣಕ್ಕೆ ಒಂದೊಂದು ನಿದಾನ. ಆದುದರಿಂದ ಒಳತಂತಿಯನ್ನೆಲ್ಲ ಬಿಚ್ಚಿ, ಒಂದೊಂದನ್ನೇ ಮರಳಿ ಸೇರಿಸುತ್ತ ನೋಡುವುದೇ ಸರಿಯಾದ ಮಾರ್ಗ.

ಎಲ್ಲಕ್ಕಿಂತ ಸುಲಭವಾದ ವ್ಯವಸ್ಥೆಯೆಂದರೆ, ಹೊರತಂತಿಯನ್ನು ಮೊದಲು ಒಂದೇ ಸ್ಪ್ಲಿಟರಿಗೆ ತಂದು, ಮೋಡೆಮನ್ನು ಅಲ್ಲಿಯೇ ಇಟ್ಟು, ಕವಲುಗಳೆಲ್ಲವನ್ನೂ ಅದರ ದೂರವಾಣಿಯ ಬಾಯಿಯಿಂದ ಹೊರಡಿಸುವುದು.

೫. ಉಪಸಂಹಾರ

ಈಗ ಎಷ್ಟೋ ಕಡೆಗಳಲ್ಲಿ ತಾಮ್ರದ ತಂತಿಯ ಸ್ಥಾನಕ್ಕೆ ಗಾಜಿನ ಎಳೆಯು ಬಂದಿದೆ. ಅದರಲ್ಲಿ ಬೆಳಕು ಹರಿಯುವುದರಿಂದ ಮೇಲೆ ಹೇಳಿದ ವಿದ್ಯುತ್ತಿನ ಗದ್ದಲವು ಅದನ್ನು ಮುಟ್ಟದು. ಆದರೂ ಬಾಗಿಲಿನ ಮೂಲೆಯಲ್ಲಿ ಅದನ್ನು ತೀರ ಬಗ್ಗಿಸಿದರೆ ಬೆಳಕು ಸೋರಿಹೋಗುವುದು. ಹೊರಗಿನ ದಾರಿ ಎಷ್ಟು ಚೆನ್ನಾಗಿದ್ದರೂ ಕಡೆಯ ನಾಲ್ಕು ಮೊಳದಲ್ಲಿ ಎಲ್ಲವೂ ಕೆಡಬಹುದೆಂಬ ಮಾತು ಅಲ್ಲಿಯೂ ಸತ್ಯ. ತಾಮ್ರದ ತಂತಿಯನ್ನು ಇನ್ನೂ ಬಳಸುವವರು ಮಳೆಗಾಲಕ್ಕೆ ಮುನ್ನ ಒಮ್ಮೆ ಅಟ್ಟವನ್ನು ಹತ್ತಿ ನೋಡುವುದು ಲೇಸು. ಪರರನ್ನು ದೂಷಿಸುವ ಮೊದಲು ತನ್ನ ಮನೆಯನ್ನು ಪರೀಕ್ಷಿಸಿಕೊಳ್ಳಬೇಕೆಂಬುದು ಹಿರಿಯರ ನೀತಿ. ಅದು ತಂತಿಗೂ ಸಲ್ಲುವುದೆಂಬುದನ್ನು ನಾನು ತಡವಾಗಿ ಕಲಿತೆನು. ಅಲಮತಿವಿಸ್ತರೇಣ.