ಪ್ರೇಮಕಥೆಯ ಮರುಮುದ್ರಣ: ಸಣ್ಣ ಮುದ್ರಕರಿಗೊಂದು ಅವಕಾಶ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಮನ್ನಣೆ ಪಡೆದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಕರಾವಳಿಯ ಪಟ್ಟಣವನ್ನು ಹೋಲುವ ಕಮಲಾಪುರದಲ್ಲಿ ಕಥೆ ನಡೆಯುತ್ತದೆ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಇಂದಿರೆ ವಿದ್ಯೆ ಕಲಿತು, ವಿಲಾಯಿತಿಯಲ್ಲಿ ಓದಿ ಬಂದ ಭಾಸ್ಕರನನ್ನು ವರಿಸುತ್ತಾಳೆ. ವಿಧವಾವಿವಾಹವನ್ನು ಸಮಾಜವು ಒಪ್ಪದಿದ್ದ ಆ ಕಾಲಕ್ಕೆ ಇದು ದಿಟ್ಟ ಕಥೆ.

ಇಂಥ ಕೃತಿ ಬೆಳಕು ಕಾಣಲು ಉದ್ಯಮದ ಆಸರೆಯೂ ಇತ್ತು. ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತ್ತು.

ಗೌಡಗೆರೆ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಆಸುಪಾಸಿನಲ್ಲಿ ಲಗ್ನಪತ್ರಿಕೆ, ಬಿಲ್ಲುಪುಸ್ತಕಗಳ ಕೆಲಸವನ್ನೇ ನೆಚ್ಚಿರುವ ಮುದ್ರಕರು ಇಂಥ ಹಳೆಯ ಕಾದಂಬರಿಗಳತ್ತ ಗಮನ ಹರಿಸಬಹುದು. ಹಕ್ಕುಸ್ವಾಮ್ಯದ ರಕ್ಷಣೆ ಲೇಖಕರ ನಿಧನಾನಂತರ 60 ವರ್ಷಗಳವರೆಗೆ ಮಾತ್ರ. ವೆಂಕಟರಾಯರು ನಿಧನರಾದದ್ದು 1913ರಲ್ಲಿ. ಆದ್ದರಿಂದ ಮೂಲಪಾಠವನ್ನು ಗೌರವಧನವಿಲ್ಲದೆ ಯಾರು ಬೇಕಾದರೂ ಮುದ್ರಿಸಬಹುದು. ಆದರೆ ಇತ್ತೀಚಿನ ಆವೃತ್ತಿಗಳ ಮುನ್ನುಡಿ, ಟಿಪ್ಪಣಿ, ಮುಖಪುಟ ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ.

ತೆರಿಗೆಯ ಲೆಕ್ಕವೂ ಮುಖ್ಯ. ಮುದ್ರಿತ ಪುಸ್ತಕಗಳಿಗೆ ಜಿ.ಎಸ್.ಟಿ. ವಿನಾಯಿತಿ ಇದೆ. ಈ ಕಾರಣದಿಂದಲೇ, ಸ್ವಂತ ಪುಸ್ತಕ ಹೊರತರುವವರು ಕಾಗದ, ಶಾಯಿಗಳ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯಲಾಗದು; ಅದನ್ನು ಪುಸ್ತಕದ ಅಸಲಿಗೇ ಸೇರಿಸಬೇಕು. ಬಂಡವಾಳ ಗೋದಾಮಿನಲ್ಲಿ ಕೊಳೆಯದಂತೆ ಮೊದಲು ಕಡಿಮೆ ಪ್ರತಿಗಳನ್ನು ಮುದ್ರಿಸಿ, ಓದುಗರ ಒಲವನ್ನರಿತು ಮುಂದುವರಿಯುವುದು ಲೇಸು.