ಬಾಡಿಗೆ ಬಂತು, ಇಡೋದೆಲ್ಲಿ?

ತಿಂಗಳ ಮೊದಲ ವಾರ ಬಂತೆಂದರೆ ಪೇಟೆಯ ಮಳಿಗೆ ಮಾಲೀಕರ ಮುಖದಲ್ಲಿ ಕಳೆ. ಕೆಳಗೆ ಎರಡು ಅಂಗಡಿ, ಮೇಲೆ ಎರಡು ಮನೆ ಕಟ್ಟಿಸಿದವರಿಗೆ ಕಂದಾಯ, ರಿಪೇರಿ ಕಳೆದು ಒಂದಿಷ್ಟು ಕೈಯಲ್ಲಿ ಉಳಿಯುತ್ತದೆ. ಉಳಿದದ್ದೇ ತಡ, ಸಲಹೆ ಕೊಡುವವರ ಸಾಲು. “ಸೈಟ್ ತಗೊಳ್ಳಿ ಸ್ವಾಮಿ” ಅಂತಾನೆ ದಲ್ಲಾಳಿ. “ನಮ್ಮ ಸೊಸೈಟೀಲಿ ಇಡಿ, ಬ್ಯಾಂಕಿಗಿಂತ ಒಂದೂವರೆ ಪರ್ಸೆಂಟ್ ಜಾಸ್ತಿ” ಅಂತಾರೆ ಎದುರು ಕಟ್ಟಡದವರು.

ಆ ಒಂದೂವರೆಯಲ್ಲೇ ಇರೋದು ಗುಟ್ಟು. ಬ್ಯಾಂಕಿನಲ್ಲಿ, ಅದು ಸಹಕಾರಿ ಬ್ಯಾಂಕೇ ಆಗಲಿ, ಒಬ್ಬರ ಠೇವಣಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ 2020ರಿಂದ ವಿಮೆಯುಂಟು. ಪತ್ತಿನ ಸಹಕಾರ ಸಂಘಕ್ಕೆ ಅದಿಲ್ಲ. ಬಾಗಿಲು ಹಾಕಿದರೆ ಮೆಟ್ಟಿಲು ಸವೆಸಬೇಕಷ್ಟೆ.

ಗೃಹಸಾಲಕ್ಕೆ ನೂರಕ್ಕೆ 9 ಕಟ್ಟುತ್ತ, 7ರ ಠೇವಣಿ ಇಟ್ಟು ಬೀಗುವವರೂ ಇದ್ದಾರೆ! ಲಕ್ಷಕ್ಕೆ ವರ್ಷಕ್ಕೆ ಎರಡು ಸಾವಿರ ಲುಕ್ಸಾನು. ದರ ಬದಲಾಗುವ ಗೃಹಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ.

ಇನ್ನು ಅಡ್ವಾನ್ಸು. ಅದು ಉಳಿತಾಯವಲ್ಲ, ಬಾಡಿಗೆದಾರನ ದುಡ್ಡು. ಅದನ್ನು ಮಗಳ ಮದುವೆಗೆ ಮುಗಿಸಿ, ಖಾಲಿ ಮಾಡುವವನಿಗೆ “ಇನ್ನೊಬ್ಬ ಬರಲಿ, ಕೊಡ್ತೀನಿ” ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ಅಲ್ಲಿಯವರೆಗೆ ಅವನು ಹೊಸ ಅಂಗಡಿಗೆ ಅಡ್ವಾನ್ಸು ಎಲ್ಲಿಂದ ತರಬೇಕು?