ಕಲ್ಲಿದ್ದಲ ರಾಶಿಗೆ ಬದಲೇನು?

ರಾಯಚೂರಿನ ಸಮೀಪದಲ್ಲಿ, ಕೃಷ್ಣಾ ನದಿಯ ದಡದ ಮೇಲೆ, ಶಕ್ತಿನಗರವೆಂಬ ಊರಿದೆ. 1985ರಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುತ್ತಿರುವ ಅಲ್ಲಿನ ಶಾಖೋತ್ಪನ್ನ ಕೇಂದ್ರದ ಎತ್ತರವಾದ ಚಿಮಣಿಗಳು ನೋಡುವವರ ಕಣ್ಣನ್ನು ಮೊದಲು ಸೆಳೆಯುತ್ತವೆ. ಆದರೆ ನಾವೀಗ ವಿಚಾರಮಾಡಬೇಕೆಂದಿರುವ ವಿಷಯಕ್ಕೆ ಅವುಗಳಿಗಿಂತ ಮುಖ್ಯವಾದುದು, ಕೇಂದ್ರದ ಅಂಗಳದಲ್ಲಿ ಸುರಿದಿರುವ ಕಲ್ಲಿದ್ದಲಿನ ಕಪ್ಪು ರಾಶಿ.

ಅಲ್ಲಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಎಲ್ಲವೂ ಪೂರ್ಣವಾಗಿ ದುಡಿದರೆ ದಿನವೊಂದಕ್ಕೆ ಸುಮಾರು 4 ಕೋಟಿ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಯೂನಿಟ್ ಒಂದಕ್ಕೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕೆಂದರೆ, ದಿನಕ್ಕೆ ಸುಮಾರು 28,000 ಟನ್ ಸುಡಬೇಕಾಗುತ್ತದೆ. ಇದರಿಂದಾಗುವ ಕೇಡನ್ನು ಎಲ್ಲರೂ ಬಲ್ಲರು. ನಮ್ಮ ದೇಶದ ಕಲ್ಲಿದ್ದಲಿನ ಮೂರನೆಯ ಒಂದು ಪಾಲಿನಷ್ಟು ಬೂದಿಯಾಗಿ ಉಳಿಯುತ್ತದೆ. ಒಂದೊಂದು ಯೂನಿಟ್ಟಿಗೂ ಒಂದು ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರಿ ಭೂಮಿಯನ್ನು ಬಿಸಿಮಾಡುತ್ತದೆ.

ಹಾಗಾದರೆ ಕಲ್ಲಿದ್ದಲನ್ನು ಬಿಟ್ಟುಬಿಡಬಾರದೇಕೆ? ಬಿಸಿಲಿಗೆ ನಮ್ಮಲ್ಲಿ ಬರವಿಲ್ಲವಷ್ಟೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಒಣಭೂಮಿಯಲ್ಲಿ ಸೌರಫಲಕಗಳು ಹಬ್ಬಿವೆ. 2019ರ ಕೊನೆಗೆ ಪೂರ್ಣಗೊಂಡ ಅದರ ಸಾಮರ್ಥ್ಯ 2050 ಮೆಗಾವಾಟ್. ಅಂಕಿಯನ್ನಷ್ಟೇ ನೋಡಿದರೆ ಪಾವಗಡ ರಾಯಚೂರಿಗಿಂತ ದೊಡ್ಡದು! ಆದರೆ ರಾತ್ರಿ, ಮೋಡ, ಎಳೆಬಿಸಿಲುಗಳನ್ನು ಕಳೆದರೆ ವರ್ಷದ ಸರಾಸರಿಯಲ್ಲಿ ಸೌರಕೇಂದ್ರವೊಂದು ತನ್ನ ಸಾಮರ್ಥ್ಯದ ಕಾಲುಭಾಗದಷ್ಟನ್ನು ಮಾತ್ರ ಕೊಡಬಲ್ಲದು. ಫಲಕಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರಾಯಿತೆಂದು ಕೆಲವರು ಹೇಳಬಹುದು. ಸಂಜೆ ಏಳು ಗಂಟೆಗೆ ಒಂದು ಫಲಕ ಕೊಡುವುದು ಸೊನ್ನೆ. ಸೊನ್ನೆಯ ನಾಲ್ಕರಷ್ಟೂ ಸೊನ್ನೆಯೇ. ಮನೆಮನೆಯಲ್ಲಿ ದೀಪ ಹತ್ತುವುದು, ಅಡುಗೆ ಮೊದಲಾಗುವುದು ಆ ಹೊತ್ತಿಗೇ.

ಕಲ್ಲಿದ್ದಲಿನ ನಿಜವಾದ ಹಿರಿಮೆ ಇಲ್ಲಿದೆ. ಅದು ಕಾಯಬಲ್ಲದು. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ ಬಾಳಿದ ಗಿಡಮರಗಳು ಹಿಡಿದಿಟ್ಟ ಬಿಸಿಲೇ ಕಲ್ಲಿದ್ದಲು. ಅಷ್ಟು ಕಾಲ ಕಾದದ್ದು ಇನ್ನೂ ಹದಿನೈದು ದಿನ ಅಂಗಳದಲ್ಲಿ ಕಾಯಲಾರದೆ? ಅದು ಇಂಧನವೂ ಹೌದು, ಉಗ್ರಾಣವೂ ಹೌದು. ಸೌರಫಲಕವು ಇಂಧನದ ಜಾಗವನ್ನು ತುಂಬಬಲ್ಲದೇ ಹೊರತು ಉಗ್ರಾಣದ ಜಾಗವನ್ನಲ್ಲ.

ಇನ್ನೊಂದು ತೊಡಕೂ ಉಂಟು. ದೊಡ್ಡ ಬಾಯ್ಲರು ಸೀಮೆಎಣ್ಣೆಯ ದೀಪದಂತಲ್ಲ, ಬೇಕೆಂದಾಗ ಹೊತ್ತಿಸಿ ಬೇಡವೆಂದಾಗ ಆರಿಸಲಾಗದು. ತಣ್ಣಗಾದ ಘಟಕವನ್ನು ಮತ್ತೆ ಚಾಲೂ ಮಾಡಲು ಹಲವು ಗಂಟೆಗಳು ಹಿಡಿಯುತ್ತವೆ. ಆದುದರಿಂದ ಸಂಜೆಗೆ ಬೇಕಾಗುವ ಘಟಕವನ್ನು ನಡುಹಗಲಿನಲ್ಲಿಯೂ ಅರ್ಧಕ್ಕಿಂತ ತುಸು ಹೆಚ್ಚಿನ ಭಾರದಲ್ಲಿ ಉರಿಸುತ್ತಿರಬೇಕಾಗುತ್ತದೆ. ಹೊರಗೆ ಧಗಧಗಿಸುವ ಬಿಸಿಲು, ಒಳಗೆ ಉರಿಯುವ ಕಲ್ಲಿದ್ದಲು!

ವಿದ್ಯುತ್ತನ್ನು ಕೂಡಿಡುವುದು ಎಷ್ಟು ಕಷ್ಟವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲು. ಒಂದು ಟನ್ ನೀರನ್ನು ಎತ್ತರಕ್ಕೆ ಏರಿಸಿ ಇಷ್ಟು ಶಕ್ತಿಯನ್ನು ಅದರಲ್ಲಿ ತುಂಬಬೇಕಾದರೆ ಎಷ್ಟು ಮೇಲಕ್ಕೆ ಒಯ್ಯಬೇಕು? ದ್ರವ್ಯರಾಶಿ, ಗುರುತ್ವದ ವೇಗೋತ್ಕರ್ಷ, ಎತ್ತರ, ಈ ಮೂರರ ಗುಣಲಬ್ಧವೇ ಆ ಶಕ್ತಿಯೆಂದು ನೀವು ಓದಿದ್ದೀರಿ. ಉತ್ತರ 367 ಮೀಟರು ಎಂದು ಬರುತ್ತದೆ. ಜೋಗದ ಜಲಪಾತದ ಎತ್ತರ 253 ಮೀಟರು. ಎಂದರೆ, ಒಂದು ಸಾವಿರ ಲೀಟರು ನೀರನ್ನು ಜೋಗದ ಒಂದೂವರೆಯಷ್ಟು ಎತ್ತರಕ್ಕೆ ಏರಿಸಿದರೆ ಆಗುವ ಉಳಿತಾಯವೂ ಒಂದು ಪುಟ್ಟ ಚೀಲದಲ್ಲಿ ಹಿಡಿಯುವ 700 ಗ್ರಾಂ ಕಲ್ಲಿದ್ದಲೂ ಒಂದೇ! ರಾಯಚೂರಿನ ಒಂದು ದಿನದ ಉತ್ಪನ್ನವನ್ನು ಹೀಗೆ ಕೂಡಿಡಲು ಸುಮಾರು ಒಂದೂವರೆ ಟಿ.ಎಂ.ಸಿ. ನೀರನ್ನು ಆ ಎತ್ತರಕ್ಕೆ ಏರಿಸಬೇಕು.

ಅಸಾಧ್ಯವೆಂದೇನೂ ಅಲ್ಲ. ತಮಿಳುನಾಡಿನ ಕಡಂಪಾರೆಯಲ್ಲಿ ಇಂತಹ 400 ಮೆಗಾವಾಟಿನ ಕೇಂದ್ರವನ್ನು 1980ರ ದಶಕದಲ್ಲಿಯೇ ಕಟ್ಟಿದರು. ವಿದ್ಯುತ್ತು ಮಿಕ್ಕಾಗ ಕೆಳಗಿನ ಜಲಾಶಯದಿಂದ ಮೇಲಿನದಕ್ಕೆ ನೀರೆತ್ತುವುದು, ಬೇಕಾದಾಗ ಅದನ್ನೇ ಕೆಳಗಿಳಿಸಿ ಯಂತ್ರವನ್ನು ತಿರುಗಿಸುವುದು, ಇದೇ ಅದರ ತತ್ತ್ವ. ನೂರು ಯೂನಿಟ್ ವೆಚ್ಚಮಾಡಿದರೆ ಎಪ್ಪತ್ತೈದರಿಂದ ಎಂಬತ್ತು ಹಿಂದಿರುಗುತ್ತವೆ. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳನ್ನು ಸುರಂಗದ ಮೂಲಕ ಜೋಡಿಸಿ 2000 ಮೆಗಾವಾಟಿನ ಕೇಂದ್ರವೊಂದನ್ನು ಕಟ್ಟುವ ಯೋಜನೆಯೂ ರೂಪುಗೊಂಡಿತು. ಆದರೆ ಅದರ ದಾರಿ ಸಿಂಗಳೀಕಗಳ ಅಭಯಾರಣ್ಯವನ್ನು ಹಾದುಹೋಗುತ್ತದೆಂದು ತೀವ್ರವಾದ ವಿರೋಧವೆದ್ದಿತು. ಈ ವಿರೋಧವನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕುವುದು ನನಗೆ ಸರಿತೋರದು. ನೀರೆತ್ತಲು ಎತ್ತರದ ಗುಡ್ಡವೊಂದಿದ್ದರೆ ಸಾಕು, ಅದರ ಮೇಲೆ ನಿತ್ಯಹರಿದ್ವರ್ಣದ ಕಾಡಿರಬೇಕೆಂಬ ನಿಯಮವಿಲ್ಲ. ಬಯಲುಸೀಮೆಯ ಬೋಳುಗುಡ್ಡಗಳನ್ನು ಮೊದಲು ಹುಡುಕಬೇಕು.

ಅದಕ್ಕೂ ಮುಂಚೆ, ಈಗಾಗಲೇ ಇರುವುದನ್ನು ನೋಡೋಣ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ 151 ಟಿ.ಎಂ.ಸಿ. ನೀರು ನಿಲ್ಲಬಲ್ಲದು. ಬಿಸಿಲಿರುವಾಗ ಶರಾವತಿಯ ಯಂತ್ರಗಳನ್ನು ಸುಮ್ಮನಿರಿಸಿ ಕತ್ತಲಾದ ಮೇಲೆ ತಿರುಗಿಸಿದರೆ, ನೀರನ್ನು ಮೇಲೆತ್ತುವ ಕಷ್ಟವಿಲ್ಲದೆಯೇ ಹಗಲಿನ ಬಿಸಿಲನ್ನು ಇರುಳಿಗೆ ಉಳಿಸಿದಂತಾಗುತ್ತದೆ. ಅಂತೆಯೇ, ಕೂಡಿಡಬೇಕಾದುದು ವಿದ್ಯುತ್ತೇ ಆಗಬೇಕೆಂದಿಲ್ಲ. ಕರ್ನಾಟಕದ ವಿದ್ಯುತ್ತಿನ ಮೂರರಲ್ಲೊಂದು ಪಾಲಿನಷ್ಟನ್ನು ನೀರಾವರಿಯ ಪಂಪುಗಳು ಬಳಸುತ್ತವೆ. ಅವಕ್ಕೆ ಹಗಲಿನಲ್ಲಿಯೇ ಕರೆಂಟು ಕೊಟ್ಟರೆ ರಾತ್ರಿಯ ಹೊರೆ ಇಳಿಯುತ್ತದೆ. ನಡುರಾತ್ರಿ ಟಾರ್ಚು ಹಿಡಿದು, ಹಾವಿಗೆ ಹೆದರುತ್ತ, ಪಂಪುಮನೆಗೆ ನಡೆಯುವ ರೈತನ ಪಾಡೂ ತಪ್ಪುತ್ತದೆ. ಇನ್ನು ಲಿಥಿಯಂ ಬ್ಯಾಟರಿಗಳು ಸಂಜೆಯ ಎರಡು ನಾಲ್ಕು ಗಂಟೆಗಳನ್ನು ದಾಟಿಸಲು ಚೆನ್ನಾಗಿ ಒದಗುತ್ತವೆ. ಅವುಗಳ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿದಿದೆ.

ಹೀಗೆ ಸಂಜೆಯ ಸಮಸ್ಯೆಗೆ ದಾರಿಗಳಿವೆ. ಋತುವಿನ ಸಮಸ್ಯೆ ಬೇರೆ ಬಗೆಯದು. ಮಳೆಗಾಲದಲ್ಲಿ ಮೋಡ ಕವಿದು ಬಿಸಿಲು ಕುಂದಿದಾಗ ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳು ರಭಸದಿಂದ ತಿರುಗುತ್ತವೆ. ಇದು ನಿಸರ್ಗವೇ ಮಾಡಿಕೊಟ್ಟ ಅನುಕೂಲ. ಆದರೆ 2023ರಲ್ಲಿ ಮುಂಗಾರು ಕೈಕೊಟ್ಟಿತು. ಜಲಾಶಯಗಳು ತುಂಬಲಿಲ್ಲ. ಮಳೆಯಿಲ್ಲದೆ ಒಣಗುತ್ತಿದ್ದ ಪೈರಿಗಾಗಿ ರೈತರು ಎಲ್ಲೆಡೆ ಪಂಪುಗಳನ್ನು ನಡೆಸಿದರು. ಉಗ್ರಾಣ ಬರಿದಾದಾಗಲೇ ಬೇಡಿಕೆಯೂ ಏರಿ, ಅಕ್ಟೋಬರಿನಲ್ಲಿ ರಾಜ್ಯಕ್ಕೆ ವಿದ್ಯುತ್ತಿನ ತೀವ್ರ ಅಭಾವ ತಲೆದೋರಿತು. ನಾಲ್ಕು ಗಂಟೆಯ ಬ್ಯಾಟರಿಯು ಅಂತಹ ನಾಲ್ಕು ವಾರಗಳನ್ನು ದಾಟಿಸಲಾರದು.

ಆದುದರಿಂದ ಶಕ್ತಿನಗರದ ರಾಶಿ ಒಂದೇ ದಿನದಲ್ಲಿ ಕರಗಿಹೋಗುವುದಿಲ್ಲ. ಮೊದಲು ನಡುಹಗಲಿನ ಉರಿ ನಿಲ್ಲಬೇಕು, ಬಳಿಕ ಸಂಜೆಯದು. ಬರಗಾಲದ ಕೆಲವು ವಾರಗಳಿಗೆಂದು ಒಂದೆರಡು ಘಟಕಗಳು ಇನ್ನೂ ಹಲಕಾಲ ಎಚ್ಚರದಿಂದಿರಬೇಕಾಗಬಹುದು. ವರ್ಷದಲ್ಲಿ ಒಂದು ತಿಂಗಳು ಮಾತ್ರ ದುಡಿಯುವ ಘಟಕಕ್ಕೂ ನೌಕರರ ಸಂಬಳ, ಯಂತ್ರಗಳ ದುರಸ್ತಿ, ಸಾಲದ ಬಡ್ಡಿ ವರ್ಷಪೂರ್ತಿ ನಡೆಯುತ್ತಲೇ ಇರುತ್ತವೆ. ಆ ಖರ್ಚನ್ನು ಯೂನಿಟ್ಟಿನ ದರದಲ್ಲಿ ಸೇರಿಸಬೇಕೆ, ಸರಕಾರವೇ ಹೊರಬೇಕೆ ಎಂಬುದು ಎಂಜಿನಿಯರನ ಲೆಕ್ಕಕ್ಕೆ ಸಿಗುವ ಪ್ರಶ್ನೆಯಲ್ಲ.